ಅಜ್ಜಿಯ ಮಂಡಿಯಿಂದ ಶುರು ಮಾಡಿ

ಪಾವಗಡದಿಂದ ಬರೆದ ಪ್ರಿಯ ಲೇಖಕಿಗೆ,

‘ಮೃದ್ವಸ್ಥಿ: ರಚನೆ, ಕಾರ್ಯ ಮತ್ತು ರೋಗಗಳು’ ಲೇಖನ ತಲುಪಿತು. ಪೂರ್ತಿ ಓದಿದೆ. ಈಗಿರುವ ಹಾಗೆ ಆರೋಗ್ಯ ಪುಟಕ್ಕೆ ತೆಗೆದುಕೊಳ್ಳಲು ಆಗುವುದಿಲ್ಲ. ಆದರೆ ಕೈಬಿಡುವ ಲೇಖನವೂ ಅಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಪುಟದ ತುಂಬ ಮೃದ್ವಸ್ಥಿಯ, ಅಂದರೆ ಮೂಳೆಗಿಂತ ಮೆತ್ತಗಿರುವ ಕಾರ್ಟಿಲೇಜಿನ, ಮೂರು ಬಗೆಗಳ ಪಟ್ಟಿ ಇದೆ. ಮೂಗಿನದು, ಶ್ವಾಸನಾಳದ್ದು, ಕೀಲಿನದು ಒಂದು ಬಗೆ. ಹೊರಕಿವಿಯದು ಇನ್ನೊಂದು. ಬೆನ್ನುಮೂಳೆಗಳ ನಡುವಿನ ಡಿಸ್ಕ್‌ನದು ಮತ್ತೊಂದು. ತಪ್ಪಿಲ್ಲ. ಆದರೆ ಪರೀಕ್ಷೆಯ ಉತ್ತರದಂತಿದೆ. ಓದುವವರಿಗೆ ಇದು ಯಾಕೆ ಬೇಕು ಅನ್ನುವುದು ಎಲ್ಲೂ ಬಂದಿಲ್ಲ.

ಮೂರನೇ ಪುಟದಲ್ಲಿ ಒಂದು ಸಾಲಿದೆ: ‘ಮೃದ್ವಸ್ಥಿಯಲ್ಲಿ ರಕ್ತನಾಳಗಳೂ ಇಲ್ಲ, ನರಗಳೂ ಇಲ್ಲ.’ ಇಷ್ಟು ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ಇಡೀ ಲೇಖನ ನಿಲ್ಲಬೇಕಾದ್ದೇ ಆ ಸಾಲಿನ ಮೇಲೆ.

ರಕ್ತ ಬರದಿದ್ದರೆ ಒಳಗಿನ ಜೀವಕೋಶಗಳು ಬದುಕುವುದು ಹೇಗೆ? ಮಂಡಿಯಲ್ಲಿ ಅವಕ್ಕೆ ಆಹಾರ ಬರುವುದು ಹೆಚ್ಚಾಗಿ ಕೀಲಿನೊಳಗಿನ ದ್ರವದಿಂದ. ಕೀಲಿನ ಮೃದ್ವಸ್ಥಿಯ ತೂಕದಲ್ಲಿ ಶೇ. 65ರಿಂದ 80ರಷ್ಟು ನೀರೇ. ಆ ನೀರನ್ನು ಪ್ರೋಟಿಯೋಗ್ಲೈಕಾನ್ ಎಂಬ ದೊಡ್ಡ ಅಣುಗಳು ಹಿಡಿದಿಟ್ಟಿರುತ್ತವೆ. ಅವು ಉಬ್ಬಿಹೋಗದಂತೆ ಕೊಲ್ಯಾಜನ್ ಎಂಬ ಪ್ರೋಟೀನಿನ ಎಳೆಗಳ ಬಲೆ ಬಿಗಿದಿರುತ್ತದೆ. ಕಾಲೂರಿ ಭಾರ ಬಿದ್ದಾಗ ಸ್ವಲ್ಪ ನೀರು ಹೊರಗೆ ಒಸರುತ್ತದೆ, ಭಾರ ಇಳಿದಾಗ ಒಳಗೆ ಬರುತ್ತದೆ. ಈ ಓಡಾಟದಿಂದ ಆಹಾರ ಒಳಗೆ ಸಾಗಲು ಅನುಕೂಲ. ಮಂಡಿ ನೋವಿದ್ದರೂ ಅಷ್ಟಿಷ್ಟು ನಡೆಯಿರಿ ಎಂದು ಡಾಕ್ಟರ್ ಹೇಳುವುದಕ್ಕೆ ಇದೂ ಒಂದು ಕಾರಣ. ನೀವು ಸುಮ್ನೆ ‘ವ್ಯಾಯಾಮ ಮಾಡಿ’ ಎಂದು ಬರೆದಿದ್ದೀರಿ. ಕಾರಣವನ್ನೂ ಬರೆಯಿರಿ.

ರಕ್ತ ಇಲ್ಲದಿರುವುದರಿಂದ ಗಾಯ ಮಾಯುವುದೂ ಕಷ್ಟ. ಹಾಳಾದ ಕೀಲಿನ ಮೃದ್ವಸ್ಥಿ ಮತ್ತೆ ಬರುವುದಿಲ್ಲ ಎಂದು ಬ್ರಿಟನ್ನಿನ ವೈದ್ಯ ವಿಲಿಯಂ ಹಂಟರ್ 1743ರಲ್ಲೇ ಬರೆದಿದ್ದರು. ಈಗ ರೋಗಿಯ ಕೋಶಗಳನ್ನೇ ಲ್ಯಾಬಿನಲ್ಲಿ ಬೆಳೆಸಿ ಕೂರಿಸುವ ಚಿಕಿತ್ಸೆ ಇದೆ, ನಿಜ. ಆದರೆ ಅದು ಅಲ್ಲಲ್ಲಿ ಆದ ಗಾಯಕ್ಕೆ, ಇಡೀ ಮಂಡಿ ಸವೆದ ವಯಸ್ಸಾದವರಿಗಲ್ಲ. ಹಾಗಾಗಿ ‘ಕಾಲು ಸೂಪ್ ಕುಡಿದರೆ ಮೃದ್ವಸ್ಥಿ ಬೆಳೆಯುತ್ತದೆ’ ಎಂಬ ಪ್ಯಾರಾ ಪೂರ್ತಿ ತೆಗೆಯಿರಿ. ಸೂಪಿನ ಕೊಲ್ಯಾಜನ್ ಹೊಟ್ಟೆಯಲ್ಲಿ ಜೀರ್ಣವಾಗಿ ಚೂರಾಗುತ್ತದೆ. ಅದು ನೇರವಾಗಿ ಮಂಡಿಗೆ ಹೋಗಿ ಅಂಟಿಕೊಳ್ಳುವುದಿಲ್ಲ.

ಇನ್ನು ನರದ ವಿಷಯ. ‘ಸವೆದ ಮೃದ್ವಸ್ಥಿ ನೋಯುತ್ತದೆ’ ಅಂದಿದ್ದೀರಿ. ನರವೇ ಇಲ್ಲದ್ದು ನೋಯುವುದು ಹೇಗೆ? ನೋವು ಬರುವುದು ಕೆಳಗಿನ ಮೂಳೆಯಿಂದ, ಕೀಲಿನ ಒಳಪೊರೆಯಿಂದ, ಮೂಳೆಗಳನ್ನು ಹಿಡಿದಿಡುವ ಸುತ್ತಲಿನ ಕಟ್ಟುಗಳಿಂದ (ಲಿಗಮೆಂಟ್). ಹಾಗಾಗಿ ಸವೆತ ಗೊತ್ತೇ ಆಗದೆ ಬಹಳ ದೂರ ಸಾಗಿರಬಹುದು. ಸಾದಾ ಎಕ್ಸ್‌ರೇಯಲ್ಲೂ ಮೃದ್ವಸ್ಥಿ ಕಾಣುವುದಿಲ್ಲ, ಮೂಳೆಗಳ ನಡುವಿನ ಜಾಗ ಕಿರಿದಾದದ್ದು ಮಾತ್ರ ಕಾಣುತ್ತದೆ. ‘ಶಾಕ್ ಅಬ್ಸಾರ್ಬರ್’ ಹೋಲಿಕೆಯನ್ನೂ ಬಿಡಿ. ಮಂಡಿಯ ಮೃದ್ವಸ್ಥಿ ಕೆಲವೇ ಮಿಲಿಮೀಟರ್ ದಪ್ಪ. ಹೊಡೆತವನ್ನು ಹೆಚ್ಚಾಗಿ ತಾಳುವುದು ಸ್ನಾಯು ಮತ್ತು ಮೂಳೆ. ಉಜ್ಜದೆ ಜಾರುವಂತೆ ಮಾಡುವುದು, ಭಾರವನ್ನು ಹರಡುವುದು ಮೃದ್ವಸ್ಥಿಯ ದೊಡ್ಡ ಕೆಲಸ.

ನನಗೆ ಜಾಸ್ತಿ ಬೇಸರವಾದದ್ದು ಕೊನೆಯ ಪುಟದಲ್ಲಿ. ‘ನಮ್ಮಜ್ಜಿಗೂ ಮಂಡಿ ಸವೆದಿದೆ. ಸೊಂಟ ಬಗ್ಗಲ್ಲ, ಕುತ್ತಿಗೆಯೂ ತಿರುಗಲ್ಲ’ ಎಂದು ಬರೆದು ಮುಗಿಸಿಬಿಟ್ಟಿದ್ದೀರಿ. ಮಂಡಿ ಸವೆದರೆ ಕುತ್ತಿಗೆ ಯಾಕೆ ಹಿಡಿಯಬೇಕು? ಪಾವಗಡದವರಾಗಿ ನಿಮಗೆ ಈ ಪ್ರಶ್ನೆ ಬರಬೇಕಿತ್ತು ಅಲ್ವಾ? ನಿಮ್ಮ ತಾಲ್ಲೂಕಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶ ಜಾಸ್ತಿ ಇರುವುದು ಇಡೀ ತುಮಕೂರು ಜಿಲ್ಲೆಗೆ ಗೊತ್ತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಅನ್ನುತ್ತದೆ ನಮ್ಮ ದೇಶದ ಮಾನದಂಡ. ವರ್ಷಗಟ್ಟಲೆ ಬಹಳ ಜಾಸ್ತಿ ಕುಡಿದರೆ ಮೂಳೆ ಅತಿಯಾಗಿ ದಟ್ಟವಾಗುತ್ತದೆ, ಕಟ್ಟುಗಳಲ್ಲಿ ಸುಣ್ಣ ಸೇರಿ ಗಟ್ಟಿಯಾಗುತ್ತವೆ, ಬೆನ್ನು ಕುತ್ತಿಗೆ ಹಿಡಿದುಕೊಳ್ಳುತ್ತವೆ. ಇದೇ ಫ್ಲೋರೋಸಿಸ್. ಇದನ್ನು ಸಂಧಿವಾತ ಅಂದುಕೊಂಡು ವರ್ಷಗಟ್ಟಲೆ ನೋವಿನ ಮಾತ್ರೆ ನುಂಗುವವರಿದ್ದಾರೆ. ನೀರು ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದರ ಪ್ರಮಾಣ ಇನ್ನೂ ಏರುತ್ತದೆ. ಇದು ನಿಮ್ಮ ಊರಿನ ಪ್ರತಿ ಮನೆಗೂ ತಲುಪಬೇಕಾದ ಮಾತು.

ಅಜ್ಜಿಗೆ ಇದೇ ಆಗಿದೆ ಎಂದು ನಾನು ಹೇಳುತ್ತಿಲ್ಲ. ಕಡಲೆಕಾಯಿ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ಕಿತ್ತವರಿಗೆ ಮಂಡಿ ಸವೆದಿರಲೂಬಹುದು. ಎರಡೂ ಒಟ್ಟಿಗೆ ಇರಬಹುದು. ಮೊದಲು ಅವರನ್ನು ಡಾಕ್ಟರಿಗೆ ತೋರಿಸಿ. ಕುತ್ತಿಗೆ ಹಿಡಿದಿದೆ, ಇಂಥ ನೀರು ಕುಡಿದಿದ್ದಾರೆ ಅನ್ನುವುದನ್ನು ತಪ್ಪದೆ ಹೇಳಿ. ಬೆನ್ನಿನ, ಮುಂಗೈಯ ಎಕ್ಸ್‌ರೇಯಲ್ಲಿ ಫ್ಲೋರೋಸಿಸ್ ಗುರುತು ಕಾಣುವುದುಂಟು. ಲೇಖನ ಆಮೇಲೆ.

ಬರೆಯುವಾಗ ಅವರ ಒಪ್ಪಿಗೆ ಪಡೆಯಿರಿ. ಯಾವ ಬಾವಿ, ಯಾವ ಬೋರ್ ನೀರು, ಎಷ್ಟು ವರ್ಷ ಕುಡಿದರು, ಮೊದಲು ಎಲ್ಲಿ ಹಿಡಿಯಿತು ಎಂದು ಕೇಳಿ ಬರೆದುಕೊಳ್ಳಿ. ಅಲ್ಲಿಂದ ಶುರು ಮಾಡಿ. ಮಂಡಿ ಸವೆತ ಅಂದರೇನು, ಅಜ್ಜಿಯ ತೊಂದರೆ ಅದಕ್ಕಿಂತ ಬೇರೆ ಯಾಕೆ ಇರಬಹುದು ಎಂದು ವಿವರಿಸುವಾಗ ಮೃದ್ವಸ್ಥಿಯ ವಿಷಯ ತಾನಾಗೇ ಬರುತ್ತದೆ. ಮಕ್ಕಳ ಬೆಳವಣಿಗೆ ಕುಂಠಿಸುವ ಅಕಾಂಡ್ರೋಪ್ಲೇಷಿಯಾ ಭಾಗ ತೆಗೆದಿಡಿ, ಅದಕ್ಕೆ ಬೇರೆಯದೇ ಲೇಖನ ಬೇಕು.

ಹೊಸ ಪ್ರತಿಯನ್ನು ಒಬ್ಬ ಮೂಳೆ ಡಾಕ್ಟರಿಗೆ ಓದಿಸಿ ಕಳಿಸಿ. ಅವರು ತಿದ್ದಿದ ಪುಟಗಳೂ ಜೊತೆಗಿರಲಿ.

ಸಂಪಾದಕ
ತುಮಕೂರು