ಉರಿಯುವ ಪಟಾಕಿ ಉರುಳದಿರಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕಳೆದ ದೀಪಾವಳಿಯಲ್ಲಿ ನಮ್ಮ ಬೀದಿಯಲ್ಲಿ ಹಚ್ಚಿದ 30 ಶಾಟ್‌ಗಳ ಸ್ಕೈ ಶಾಟ್ ಪೆಟ್ಟಿಗೆಯೊಂದು ಅರ್ಧ ಸಿಡಿದ ಮೇಲೆ ಪಕ್ಕಕ್ಕೆ ಉರುಳಿ, ಉಳಿದ ಗುಂಡುಗಳು ಎದುರು ಮನೆಯ ಜಗುಲಿಯತ್ತ ನುಗ್ಗಿದವು. ದೈವಕೃಪೆಯಿಂದ ಯಾರಿಗೂ ಗಾಯವಾಗಲಿಲ್ಲ. ಪೆಟ್ಟಿಗೆಯನ್ನು ನೆಟ್ಟಗೇ ಇಟ್ಟಿದ್ದೆವು; ಆದರೂ ಅದು ಉರುಳಿದ್ದೇಕೆ? ಈ ಸಲ ಏನು ಮಾಡಬೇಕು?
– ಓದುಗರು, ತುಮಕೂರು

ಉತ್ತರ: ಹಚ್ಚುವಾಗ ನೆಟ್ಟಗಿರುವ ಪೆಟ್ಟಿಗೆ ಕೊನೆಯ ಗುಂಡು ಹಾರುವವರೆಗೂ ನೆಟ್ಟಗಿರುತ್ತದೆ ಎಂದು ಭಾವಿಸುವುದರಲ್ಲಿಯೇ ಅಪಾಯವಿದೆ. ಸ್ಕೈ ಶಾಟ್ ಪೆಟ್ಟಿಗೆಯೊಳಗೆ ರಟ್ಟಿನ ಕೊಳವೆಗಳನ್ನು ಒತ್ತೊತ್ತಾಗಿ ನಿಲ್ಲಿಸಿರುತ್ತಾರೆ. ಪ್ರತಿ ಗುಂಡೂ ಮೇಲಕ್ಕೆ ಚಿಮ್ಮುವಾಗ ತನ್ನ ಕೊಳವೆಯನ್ನು ಅಷ್ಟೇ ಬಲವಾಗಿ ಕೆಳಕ್ಕೆ ಒದೆಯುತ್ತದೆ. ನಡುವಿನ ಕೊಳವೆಯ ಒದೆತವನ್ನು ಇಡೀ ತಳ ತಾಳಿಕೊಳ್ಳುತ್ತದೆ, ಆದರೆ ಅಂಚಿನ ಕೊಳವೆಯ ಒದೆತ ಪೆಟ್ಟಿಗೆಯನ್ನು ಆ ಬದಿಗೆ ವಾಲಿಸಲು ನೋಡುತ್ತದೆ. ಇದರ ಜೊತೆಗೆ, ಒಂದು ಬದಿಯ ಕೊಳವೆಗಳು ಬರಿದಾದಂತೆ ಭಾರವೆಲ್ಲ ಇನ್ನೊಂದು ಬದಿಗೆ ಸರಿಯುತ್ತದೆ. ನೆಲ ಹುಲ್ಲಿನದೋ ಸಡಿಲ ಮಣ್ಣಿನದೋ ಆಗಿದ್ದರೆ ಪ್ರತಿ ಹೊಡೆತಕ್ಕೂ ಒಂದು ಅಂಚು ತುಸು ತುಸುವೇ ಕುಸಿಯುತ್ತದೆ. ಎತ್ತರ ಹೆಚ್ಚಾಗಿ ತಳ ಕಿರಿದಾದ ಪೆಟ್ಟಿಗೆಗಳು ಮತ್ತು ಗುಂಡುಗಳನ್ನು ಬೀಸಣಿಗೆಯಂತೆ ಎಡಬಲಕ್ಕೆ ಓರೆಯಾಗಿ ಹಾರಿಸುವ ಪೆಟ್ಟಿಗೆಗಳು ಬೇಗ ಉರುಳುತ್ತವೆ.

ಆದ್ದರಿಂದ ಮೊದಲು ನೆಲವನ್ನು ಗಟ್ಟಿ ಮಾಡಿಕೊಳ್ಳಿ. ಕಡಪ ಕಲ್ಲಿನ ತುಂಡು ಅಥವಾ ದಪ್ಪ ಪ್ಲೈವುಡ್ ಹಲಗೆಯನ್ನು ಅಲುಗಾಡದಂತೆ ಕೂರಿಸಿ, ಅದರ ಮೇಲೆ ಪೆಟ್ಟಿಗೆಯನ್ನಿಟ್ಟು, ಕೈಯಿಂದ ಮೆಲ್ಲಗೆ ಒತ್ತಿ ನೋಡಿ. ಅನಂತರ ಮರಳು ತುಂಬಿದ ಸಣ್ಣ ಚೀಲಗಳನ್ನು ಸುತ್ತಲೂ ಪೆಟ್ಟಿಗೆಗೆ ತಾಗಿಸಿ ಒತ್ತರಿಸಿ. ಇಟ್ಟಿಗೆ ಅಥವಾ ಸಿಮೆಂಟ್ ಬ್ಲಾಕುಗಳನ್ನು ಇಡುವ ರೂಢಿಯೂ ಇದೆ, ಆದರೆ ನಾನು ಮರಳಿನ ಚೀಲವನ್ನೇ ಶಿಫಾರಸು ಮಾಡುತ್ತೇನೆ. ಒಳಗಿನ ಕೊಳವೆಯೊಂದು ಒಡೆದರೂ ಮರಳು ಆ ಹೊಡೆತವನ್ನು ನುಂಗಿಕೊಳ್ಳುತ್ತದೆ, ಇಟ್ಟಿಗೆಯಾದರೋ ಚೂರಾಗಿ ಸಿಡಿಯಬಹುದು. ಆಸರೆಯ ಎತ್ತರ ಪೆಟ್ಟಿಗೆಯ ಅರ್ಧಕ್ಕಿಂತ ಮೇಲಿರಲಿ, ಆದರೆ ಬಾಯಿಯ ಅಂಚನ್ನು ಮೀರದಿರಲಿ. ಬತ್ತಿಯಿರುವ ಬದಿಯಲ್ಲಿ ಮಾತ್ರ ಕೈಚಾಚಿ ಹಚ್ಚುವಷ್ಟು ಜಾಗ ಬಿಡಿ. ಹಲಗೆಗೆ ಅಗಲವಾದ ಟೇಪಿನಿಂದ ಬಿಗಿಯುವುದಾದರೆ ಪೆಟ್ಟಿಗೆಯ ಕೆಳಭಾಗವನ್ನಷ್ಟೇ ಬಿಗಿಯಿರಿ. ಮೇಲಿನ ಬಾಯಿಯಾಗಲಿ ಬತ್ತಿಯಾಗಲಿ ಟೇಪಿನಡಿ ಸಿಕ್ಕಬಾರದು. ಬೀಸಣಿಗೆಯಂತೆ ಹಾರುವ ಪೆಟ್ಟಿಗೆಯಾದರೆ ಗುಂಡುಗಳು ನೋಡುಗರ ಎಡಕ್ಕೂ ಬಲಕ್ಕೂ ಹೋಗುವಂತೆ ತಿರುಗಿಸಿಡಿ, ಎಂದಿಗೂ ಅವರತ್ತ ಮುಖ ಮಾಡಿಸಬೇಡಿ.

ಇಷ್ಟೆಲ್ಲ ಮಾಡಿದ ಮೇಲೂ ಪೆಟ್ಟಿಗೆ ವಾಲಿದರೆ ದಯವಿಟ್ಟು ಅದನ್ನು ಎತ್ತಿ ನಿಲ್ಲಿಸಲು ಓಡಬೇಡಿ. ಮುಂದಿನ ಗುಂಡು ಯಾವ ಕ್ಷಣದಲ್ಲಿ ಹೊರಡುತ್ತದೆಂದು ಹೊರಗಿನಿಂದ ತಿಳಿಯುವುದಿಲ್ಲ. ಎಲ್ಲರನ್ನೂ ಗೋಡೆಯ ಮರೆಗೆ ಕರೆದೊಯ್ಯುವುದೊಂದೇ ಆಗ ಮಾಡಬಹುದಾದ ಕೆಲಸ. ದೀಪಾವಳಿಯ ದಿನಗಳಲ್ಲಿ ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಗೆ ಗಾಯಗೊಂಡು ಬರುವವರಲ್ಲಿ ತಾವೇನೂ ಹಚ್ಚದೆ ಸುಮ್ಮನೆ ನೋಡುತ್ತ ನಿಂತವರೂ ಇರುತ್ತಾರೆ. ಅವರಲ್ಲಿ ಮಕ್ಕಳನ್ನು ನೆನೆದಾಗ ಸಂಕಟವಾಗುತ್ತದೆ.

ಪ್ರಶ್ನೆ: ರಾಕೆಟ್ ಉರುಳದಿರಲೆಂದು ನನ್ನ ಮಗ ಅದರ ಕಡ್ಡಿಯನ್ನು ಹೂಕುಂಡದ ಮಣ್ಣಿಗೆ ಚುಚ್ಚಿ ನಿಲ್ಲಿಸುತ್ತಾನೆ. ಗಾಜಿನ ಬಾಟಲಿಗಿಂತ ಇದು ಒಳ್ಳೆಯದಲ್ಲವೇ?
– ಗೃಹಿಣಿ, ಶಿವಮೊಗ್ಗ

ಉತ್ತರ: ಅಲ್ಲ, ದಯವಿಟ್ಟು ಅದನ್ನು ಇಂದೇ ನಿಲ್ಲಿಸಿ. ಸ್ಕೈ ಶಾಟ್ ಕದಲಬಾರದು, ರಾಕೆಟ್ ಸಲೀಸಾಗಿ ಹೊರಡಬೇಕು. ಮಣ್ಣು ಕಡ್ಡಿಯನ್ನು ಬಿಗಿಯಾಗಿ ಹಿಡಿದರೆ ರಾಕೆಟ್ ಮೇಲೇಳದೆ ಅಲ್ಲಿಯೇ ಸಿಡಿಯುತ್ತದೆ. ಖಾಲಿ ಬಾಟಲಿಯೂ ಹಗುರವಾದ್ದರಿಂದ ವಾಲುತ್ತದೆ, ಗಾಜಾದರೆ ಒಡೆಯುವ ಭಯ ಬೇರೆ. ಬಕೆಟ್ಟಿನಲ್ಲಿ ಮರಳು ತುಂಬಿ, ಅದರ ನಡುವೆ ಪಿ.ವಿ.ಸಿ. ಪೈಪಿನ ತುಂಡೊಂದನ್ನು ನೆಟ್ಟಗೆ ಹೂಳಿ; ಪೈಪಿನೊಳಗೆ ಮರಳು ಸೇರದಿರಲಿ, ಕಡ್ಡಿ ಅದರೊಳಗೆ ತಡೆಯಿಲ್ಲದೆ ಮೇಲೆ ಕೆಳಗೆ ಜಾರುವಂತಿರಲಿ. ಕಡ್ಡಿ ಮುರಿದ ರಾಕೆಟ್ಟನ್ನು ಹಚ್ಚಲೇಬಾರದು, ಏಕೆಂದರೆ ಹಾರುವಾಗ ಅದನ್ನು ನೇರವಾಗಿಡುವುದೇ ಆ ಕಡ್ಡಿ. ಮೇಲೆ ವಿದ್ಯುತ್ ತಂತಿಯಾಗಲಿ ಮರದ ಕೊಂಬೆಯಾಗಲಿ ಇಲ್ಲದ ಜಾಗವನ್ನೇ ಆರಿಸಿಕೊಳ್ಳಿ.

ಪ್ರಶ್ನೆ: ಬತ್ತಿ ಉರಿದು ಆರಿಹೋಗಿ ಪಟಾಕಿ ಸಿಡಿಯದಿದ್ದರೆ ಎಷ್ಟು ಹೊತ್ತು ಕಾಯಬೇಕು?
– ಓದುಗರು, ಹುಬ್ಬಳ್ಳಿ

ಉತ್ತರ: ಕನಿಷ್ಠ 20 ನಿಮಿಷ ಹತ್ತಿರ ಹೋಗಬೇಡಿ, ಮತ್ತೆ ಹಚ್ಚಲು ಎಂದಿಗೂ ಯತ್ನಿಸಬೇಡಿ. ಅನಂತರ ದೂರದಿಂದಲೇ ಪೈಪಿನಲ್ಲಿ ನೀರು ಹಾಯಿಸಿ, ಚೆನ್ನಾಗಿ ನೆನೆದ ಮೇಲೆ ನೀರು ತುಂಬಿದ ಬಕೆಟ್ಟಿಗೆ ಹಾಕಿ ರಾತ್ರಿಯಿಡೀ ಬಿಡಿ. ಆಗಲೂ ಪೆಟ್ಟಿಗೆಯ ಬಾಯಿಯ ಮೇಲೆ ಮುಖ ಬಾಗಿಸದೆ, ಪಕ್ಕದಿಂದಲೇ ಎತ್ತಿಕೊಳ್ಳಿ. ಸುಪ್ರೀಂ ಕೋರ್ಟ್ 2018ರ ಅಕ್ಟೋಬರಿನಲ್ಲಿ ದೀಪಾವಳಿಯ ಪಟಾಕಿಗೆ ರಾತ್ರಿ 8ರಿಂದ 10ರವರೆಗಿನ ಅವಧಿಯನ್ನು ಗೊತ್ತುಪಡಿಸಿತು. ಹೊತ್ತು ಮೀರುತ್ತದೆಂಬ ಅವಸರದಲ್ಲಿ ಆರಿದ ಪಟಾಕಿಯ ಬಳಿಗೆ ಹೋಗುವವರನ್ನು ಕಂಡಿದ್ದೇನೆ. ಮರಳು, ಹಲಗೆ, ನೀರು ಎಲ್ಲವನ್ನೂ ಹಗಲಿನಲ್ಲೇ ಜೋಡಿಸಿಟ್ಟುಕೊಂಡರೆ ಆ ಅವಸರ ಬೀಳುವುದಿಲ್ಲ.