ಪ್ರೈಮಾಕ್ವಿನ್‌ಗೆ ಮುನ್ನ ಜಿ6ಪಿಡಿ ಪರೀಕ್ಷೆ ಏಕೆ?

ಪ್ರಶ್ನೆ: ಮಾನ್ಯರೇ, ಈ ಮಳೆಗಾಲದಲ್ಲಿ ನನ್ನ ಮಗನಿಗೆ ವೈವಾಕ್ಸ್ ಮಲೇರಿಯಾ ಬಂದು, ಕ್ಲೋರೋಕ್ವಿನ್‌ನಿಂದ ಜ್ವರ ಇಳಿಯಿತು. ಪ್ರೈಮಾಕ್ವಿನ್ ಎಂಬ ಮಾತ್ರೆ ಕೊಡುವ ಮುನ್ನ ವೈದ್ಯರು ಮಾಡಿಸಿದ ರಕ್ತಪರೀಕ್ಷೆಯಲ್ಲಿ ಜಿ6ಪಿಡಿ ಕಿಣ್ವದ ಕೊರತೆ ಇದೆಯೆಂದು ಬಂದಿದೆ. ಇದು ಏನು? ಮಗಳಿಗೂ ಪರೀಕ್ಷೆ ಬೇಕೇ?
– ಓರ್ವ ತಾಯಿ, ಡೊಂಬಿವಲಿ

ಉತ್ತರ: ನಿಮ್ಮ ವೈದ್ಯರು ಮಾತ್ರೆಗೆ ಮೊದಲೇ ಪರೀಕ್ಷೆ ಮಾಡಿಸಿದ್ದು ಬಹಳ ಒಳ್ಳೆಯದಾಯಿತು. ಗ್ಲೂಕೋಸ್-6-ಫಾಸ್ಫೇಟ್ ಡಿಹೈಡ್ರೋಜಿನೇಸ್ ಎಂಬುದು ಈ ಕಿಣ್ವದ ಪೂರ್ಣ ಹೆಸರು. ಅದು ಗ್ಲೂಕೋಸ್-6-ಫಾಸ್ಫೇಟ್ ಎಂಬ ಸಕ್ಕರೆಯ ಅಣುವಿನಿಂದ ಹೈಡ್ರೋಜನ್ನನ್ನು ತೆಗೆದು ಎನ್‌ಎಡಿಪಿ ಎಂಬ ಸಹಕಿಣ್ವಕ್ಕೆ ಒಪ್ಪಿಸುತ್ತದೆ. ಆಗ ಸಕ್ಕರೆಯ ಅಣು ಉತ್ಕರ್ಷಣಗೊಂಡು 6-ಫಾಸ್ಫೋಗ್ಲೂಕೋನೋಲ್ಯಾಕ್ಟೋನ್ ಆಗುತ್ತದೆ, ಎನ್‌ಎಡಿಪಿ ಅಪಕರ್ಷಣಗೊಂಡು ಎನ್‌ಎಡಿಪಿಎಚ್ ಆಗುತ್ತದೆ. ಹೈಡ್ರೋಜನ್ ಪೆರಾಕ್ಸೈಡಿನಂಥ ಹಾನಿಕರ ವಸ್ತುಗಳನ್ನು ನಿವಾರಿಸುವ ಗ್ಲುಟಥಯೋನ್ ಮತ್ತೆ ಮತ್ತೆ ಕೆಲಸಕ್ಕೆ ಸಿದ್ಧವಾಗಲು ಈ ಎನ್‌ಎಡಿಪಿಎಚ್ ಬೇಕು. ಬೇರೆ ಜೀವಕೋಶಗಳಲ್ಲಿ ಇದನ್ನು ತಯಾರಿಸುವ ಅನ್ಯ ದಾರಿಗಳಿವೆ. ಮೈಟೋಕಾಂಡ್ರಿಯವಿಲ್ಲದ ಕೆಂಪು ರಕ್ತಕಣವಾದರೋ ಈ ಒಂದೇ ಮಾರ್ಗವನ್ನು ನಂಬಿಕೊಂಡಿದೆ. ಪ್ರೈಮಾಕ್ವಿನ್ ರಕ್ತಕಣದೊಳಗೆ ಅಂಥ ಹಾನಿಕರ ವಸ್ತುಗಳನ್ನು ಹೆಚ್ಚಿಸುತ್ತದೆ. ಆದ್ದರಿಂದ ಕಿಣ್ವ ಕಡಿಮೆಯಿದ್ದವರು ಅದನ್ನು ಸೇವಿಸಿದರೆ ಕಣಗಳು ಒಡೆದು, ಮೂತ್ರ ಕಪ್ಪಾಗಿ, ಕಾಮಾಲೆ ಮತ್ತು ತೀವ್ರ ರಕ್ತಹೀನತೆ ತಲೆದೋರಬಹುದು. 1956ರಲ್ಲಿ ಅಮೆರಿಕದ ಸಂಶೋಧಕರು ಈ ಕೊರತೆಯನ್ನು ಗುರುತಿಸಿದ್ದೂ ಇದೇ ಔಷಧಿಯಿಂದ ರಕ್ತಕಣಗಳು ಒಡೆದವರಲ್ಲಿಯೇ.

ಹಾಗೆಂದು ಪ್ರೈಮಾಕ್ವಿನ್ ಬೇಡವೆಂದು ನೀವೇ ತೀರ್ಮಾನಿಸಬೇಡಿ. ವೈವಾಕ್ಸ್ ಪರೋಪಜೀವಿ ಯಕೃತ್ತಿನಲ್ಲಿ ಅಡಗಿ ಕುಳಿತು ತಿಂಗಳುಗಳ ಬಳಿಕ ಜ್ವರವನ್ನು ಮರಳಿ ತರುತ್ತದೆ, ಕ್ಲೋರೋಕ್ವಿನ್ ಅದನ್ನು ಮುಟ್ಟುವುದಿಲ್ಲ. ಅದನ್ನು ನಾಶಮಾಡಲೆಂದೇ ಪ್ರೈಮಾಕ್ವಿನ್ ಕೊಡುವುದು. ಸಾಮಾನ್ಯವಾಗಿ 14 ದಿನ ಕೊಡುವ ಪ್ರೈಮಾಕ್ವಿನ್ನನ್ನು, ಇಂಥ ಕೊರತೆಯಿರುವವರಿಗೆ ವಾರಕ್ಕೊಮ್ಮೆಯಂತೆ 8 ವಾರ, ವೈದ್ಯರ ನಿಕಟ ನಿಗಾದಲ್ಲಿ ಕೊಡುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಪರಿಗಣಿಸಲು ಹೇಳಿದೆ. ಅದು ನಿಮ್ಮ ಮಗನಿಗೆ ಹೊಂದುತ್ತದೆಯೇ ಎಂಬುದು ಕೊರತೆಯ ತೀವ್ರತೆಯನ್ನು ನೋಡಿ ವೈದ್ಯರು ನಿರ್ಧರಿಸಬೇಕಾದ ಮಾತು. ಉಳಿದಂತೆ ಈ ಕೊರತೆಯುಳ್ಳ ಬಹುಪಾಲು ಜನ ಆರೋಗ್ಯದಿಂದಲೇ ಇರುತ್ತಾರೆ. ನಿಮ್ಮ ಮುಂಬಯಿಯ ಪಾರ್ಸಿ ಸಮುದಾಯದಲ್ಲಿ ಇದು ಸಾಕಷ್ಟು ಕಂಡುಬರುತ್ತದೆ. ಇದೇ ರೀತಿ ರಕ್ತಕಣಗಳನ್ನು ಒಡೆಯಬಲ್ಲ, ಬಟ್ಟೆಗಳ ನಡುವೆ ಇಡುವ ನ್ಯಾಫ್ತಲೀನ್ ಗುಳಿಗೆಗಳನ್ನು ಮಾತ್ರ ಮನೆಯಿಂದ ದೂರವಿಡಿ, ಯಾವ ವೈದ್ಯರಲ್ಲಿಗೆ ಹೋದರೂ ವರದಿಯನ್ನು ಮೊದಲೇ ತೋರಿಸಿ.

ಈ ಕಿಣ್ವದ ಜೀನ್ ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಗಂಡುಮಕ್ಕಳಿಗೆ ಕೊರತೆ ತಾಯಿಯ ಕಡೆಯಿಂದ ಬರುತ್ತದೆ. ಇದರಲ್ಲಿ ನಿಮ್ಮ ತಪ್ಪು ಎಳ್ಳಷ್ಟೂ ಇಲ್ಲ. ಮಗಳಿಗೆ ಎರಡು ಎಕ್ಸ್ ವರ್ಣತಂತುಗಳಿರುವುದರಿಂದ ಕಿಣ್ವದ ಪ್ರಮಾಣ ಸಾಮಾನ್ಯವಾಗಿರಬಹುದು, ನಡುಮಟ್ಟದಲ್ಲಿಯೂ ಇರಬಹುದು. ಆದಕಾರಣ ಅವಳಿಗೆ ಬರಿಯ ಹೌದು-ಇಲ್ಲ ಎನ್ನುವ ಪರೀಕ್ಷೆಗಿಂತ ಪ್ರಮಾಣವನ್ನು ಅಳೆಯುವ ಪರೀಕ್ಷೆ ಮಾಡಿಸಿ.