ಸ್ವಿಚ್ ಆನ್ ಇದೆಯೋ ಆಫ್ ಇದೆಯೋ ತಿಳಿಯದಿದ್ದರೆ

ಪ್ರಶ್ನೆ: ಬ್ರೌಸರ್‌ಗೆ ಒಂದು ಚಿಕ್ಕ ಎಕ್ಸ್‌ಟೆನ್ಶನ್ ಬರೆದಿದ್ದೇನೆ. ಐಕಾನ್ ಒತ್ತಿದಾಗ ತೆರೆಯುವ ಪಾಪ್‌ಅಪ್‌ನಲ್ಲೇ ಹನ್ನೆರಡು ಸ್ವಿಚ್‌ಗಳಿವೆ. ಆನ್ ಇದ್ದರೆ ಹಸಿರು, ಆಫ್ ಇದ್ದರೆ ಕೆಂಪು. ಕೆಳಗೆ ತಿಳಿ ಬೂದು ಬಣ್ಣದಲ್ಲಿ ವಿವರಣೆ. ಯಾವುದು ಆನ್ ಇದೆ ತಿಳಿಯುವುದಿಲ್ಲ, ಅಕ್ಷರ ಕಾಣುವುದಿಲ್ಲ ಎಂದು ಕೆಲವರು ದೂರಿದ್ದಾರೆ. ಡಾರ್ಕ್ ಮೋಡ್ ಸೇರಿಸಿದರೆ ಸಾಕೇ?

ಉತ್ತರ: ಸಾಲದು. ಡಾರ್ಕ್ ಮೋಡ್ ಆಮೇಲೆ ನೋಡೋಣ. ನಿಮ್ಮ ಪುಟದಲ್ಲಿ ಸ್ವಿಚ್‌ನ ಸ್ಥಿತಿಯನ್ನು ಹೇಳುವ ಹೊಣೆಯನ್ನೆಲ್ಲ ಬಣ್ಣವೇ ಹೊತ್ತಿದೆ, ಮೊದಲು ತಿದ್ದಬೇಕಾದದ್ದು ಅದನ್ನು. ವರ್ಣಾಂಧತೆಯಲ್ಲಿ ಹೆಚ್ಚಾಗಿ ಕಂಡುಬರುವುದೇ ಕೆಂಪು-ಹಸಿರಿನ ಗೊಂದಲ. ಅಂಥವರಿಗೆ ನಿಮ್ಮ ಹನ್ನೆರಡೂ ಸ್ವಿಚ್‌ಗಳು ಹೆಚ್ಚುಕಡಿಮೆ ಒಂದೇ ಥರ ಕಾಣಬಹುದು.

ನನ್ನನ್ನು ಕೇಳಿದರೆ, ಸ್ವಿಚ್ ಬಿಟ್ಟು ಬ್ರೌಸರ್‌ನದೇ ಚೆಕ್‌ಬಾಕ್ಸ್ ಬಳಸಿ. ಟಿಕ್ ಇದ್ದರೆ ಆನ್, ಇಲ್ಲದಿದ್ದರೆ ಆಫ್, ಯಾರಿಗೂ ವಿವರಿಸಬೇಕಿಲ್ಲ. ಸ್ಪೇಸ್ ಕೀ ಒತ್ತಿದರೆ ಬದಲಾಗುತ್ತದೆ, ಲೇಬಲ್ ಜೋಡಿಸಿದ್ದರೆ ತೆರೆಯಲ್ಲಿರುವುದನ್ನು ಗಟ್ಟಿಯಾಗಿ ಓದುವ ಸ್ಕ್ರೀನ್ ರೀಡರ್ ಹೆಸರನ್ನೂ ಸ್ಥಿತಿಯನ್ನೂ ಓದಿ ಹೇಳುತ್ತದೆ. ಡಿವ್‌ನಲ್ಲಿ (ಎಚ್‌ಟಿಎಂಎಲ್‌ನ ಬರಿಯ ಚೌಕಟ್ಟು) ಚಿತ್ರಿಸಿದ ಸ್ವಿಚ್‌ಗೆ ಇದನ್ನೆಲ್ಲ ನೀವೇ ಬರೆಯಬೇಕು. ಸ್ವಿಚ್‌ನ ರೂಪವೇ ಬೇಕೆಂದರೆ ಒಳಗೆ ನಿಜವಾದ ಚೆಕ್‌ಬಾಕ್ಸ್ ಇಡಿ, ಪಕ್ಕದಲ್ಲಿ ‘ಆನ್’, ‘ಆಫ್’ ಎಂದು ಬರೆಯಿರಿ. ಆ ಚೆಕ್‌ಬಾಕ್ಸನ್ನು ಸಿಎಸ್‌ಎಸ್‌ನಲ್ಲಿ (ಪುಟದ ರೂಪವನ್ನು ಹೇಳುವ ಭಾಷೆ) ‘display: none’ ಹಾಕಿ ಅಡಗಿಸಬೇಡಿ. ಕೀಬೋರ್ಡ್‌ಗೆ ಅದು ಸಿಗದೇ ಹೋಗುತ್ತದೆ. ಸ್ವಿಚ್‌ಗೆ ಅಂಚುಗೆರೆಯೂ ಇರಲಿ. ವಿಂಡೋಸ್‌ನ ಹೈ ಕಾಂಟ್ರಾಸ್ಟ್ ಮೋಡ್ ಹಿನ್ನೆಲೆಯ ಬಣ್ಣಗಳನ್ನು ತನ್ನವುಗಳಿಂದ ಬದಲಿಸುತ್ತದೆ, ಬರಿಯ ಹಿನ್ನೆಲೆ ಬಣ್ಣದಿಂದ ಚಿತ್ರಿಸಿದ ಸ್ವಿಚ್ ಅಲ್ಲಿ ಮಾಯವಾಗುತ್ತದೆ.

ಇನ್ನು ಆ ಬೂದು ಅಕ್ಷರ. ಜಾಲಪುಟಗಳ ಪ್ರವೇಶಸಾಧ್ಯತೆಗೆ ಇರುವ ಡಬ್ಲ್ಯೂಸಿಎಜಿ ಮಾರ್ಗಸೂಚಿಯ ಎಎ ಎಂಬ ನಡುವಿನ ಹಂತದಲ್ಲಿ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಹಿನ್ನೆಲೆಯೊಡನೆ ಕನಿಷ್ಠ 4.5:1 ಕಾಂಟ್ರಾಸ್ಟ್, ಅಂದರೆ ಹೊಳಪಿನ ಅಂತರ, ಬೇಕು. ಬಿಳಿಯ ಮೇಲೆ #999999 ಎಂಬ ಬಣ್ಣಸಂಕೇತದ ಬೂದು 3:1ನ್ನೂ ಮುಟ್ಟುವುದಿಲ್ಲ. #767676 ಅಂಚಿನಲ್ಲಿ ಪಾಸಾಗುತ್ತದೆ, #777777 ಕೂದಲೆಳೆಯಲ್ಲಿ ಫೇಲಾಗುತ್ತದೆ. ಅಂಚಿಗೆ ಅಂಟಿಕೊಳ್ಳದೆ #595959ರಂಥ ಗಾಢ ಬಣ್ಣ ತೆಗೆದುಕೊಳ್ಳಿ. ಕಾಂಟ್ರಾಸ್ಟ್ ಸರಿಯಿದ್ದರೂ ಅಕ್ಷರ 11 ಪಿಕ್ಸೆಲ್ ಇದ್ದರೆ ಓದುವವರ ಕಷ್ಟ ತಪ್ಪುವುದಿಲ್ಲ. ವಿವರಣೆಯನ್ನು ಒಂದು ಸಾಲಿಗೆ ಇಳಿಸಿ, ಅಕ್ಷರ ದೊಡ್ಡದು ಮಾಡಿ. ‘ಸೂಚನೆ ತೋರಿಸಬೇಡ’ ಎಂಬ ಸ್ವಿಚ್ ಇದ್ದರೆ ಅದನ್ನು ‘ಸೂಚನೆ ತೋರಿಸು’ ಎಂದು ತಿರುಗಿಸಿ. ‘ಬೇಡ’ವನ್ನು ಆಫ್ ಮಾಡುವುದೆಂದರೇನು ಎಂದು ಯಾರೂ ತಲೆಕೆಡಿಸಿಕೊಳ್ಳಬಾರದು.

ಹನ್ನೆರಡು ಆಯ್ಕೆಗಳಿಗೆ ಪಾಪ್‌ಅಪ್ ತಕ್ಕ ಜಾಗವೇ ಅಲ್ಲ. ಕ್ರೋಮ್‌ನಲ್ಲಿ ಅದು 800×600 ಪಿಕ್ಸೆಲ್ ಮೀರಿ ಬೆಳೆಯುವುದಿಲ್ಲ. ದಿನವೂ ಬೇಕಾಗುವ ಒಂದೆರಡನ್ನು ಅಲ್ಲಿಟ್ಟು ಉಳಿದವನ್ನು ಪೂರ್ಣ ಟ್ಯಾಬ್‌ನಲ್ಲಿ ತೆರೆಯುವ ಆಪ್ಷನ್ಸ್ ಪುಟಕ್ಕೆ ಸಾಗಿಸಿ.

ಡಾರ್ಕ್ ಮೋಡ್ ಈಗ ಸೇರಿಸಬಹುದು. ಸಿಎಸ್‌ಎಸ್‌ನಲ್ಲಿ ಕಲರ್-ಸ್ಕೀಮ್‌ಗೆ ಲೈಟ್, ಡಾರ್ಕ್ ಎರಡನ್ನೂ ಕೊಟ್ಟರೆ ಬ್ರೌಸರ್‌ನ ಚೆಕ್‌ಬಾಕ್ಸ್‌ಗಳು ತಾವೇ ಹೊಂದಿಕೊಳ್ಳುತ್ತವೆ. ನೀವು ಆರಿಸಿದ ಬಣ್ಣಗಳ ಕಾಂಟ್ರಾಸ್ಟನ್ನು ಮಾತ್ರ ಕಪ್ಪು ಹಿನ್ನೆಲೆಯಲ್ಲಿ ಮತ್ತೆ ಅಳೆಯಬೇಕು.

ಬಿಡುಗಡೆಗೆ ಮುಂಚೆ ಮೌಸ್ ಪಕ್ಕಕ್ಕಿಟ್ಟು ಟ್ಯಾಬ್, ಸ್ಪೇಸ್ ಕೀಗಳಲ್ಲೇ ಇಡೀ ಪುಟ ಬಳಸಿ ನೋಡಿ. ಈಗ ಯಾವ ಆಯ್ಕೆಯ ಮೇಲಿದ್ದೀರಿ ಎಂಬ ಗೆರೆ ಕಾಣದಿದ್ದರೆ ಸಿಎಸ್‌ಎಸ್‌ನಲ್ಲಿ ಎಲ್ಲೋ ‘outline: none’ ಕುಳಿತಿರುತ್ತದೆ, ಕಿತ್ತುಹಾಕಿ. ಆಮೇಲೆ ಕ್ರೋಮ್‌ನ ಡೆವಲಪರ್ ಉಪಕರಣಗಳಾದ ಡೆವ್‌ಟೂಲ್ಸ್‌ನ ರೆಂಡರಿಂಗ್ ವಿಭಾಗದಲ್ಲಿ ವರ್ಣಾಂಧತೆಯ ಅನುಕರಣೆ ಹಾಕಿ ಪರೀಕ್ಷಿಸಿ. ದೂರು ಕೊಟ್ಟವರಿಗೇ ಹೊಸ ಆವೃತ್ತಿಯನ್ನು ಮೊದಲು ಕಳಿಸಿ, ಈಗ ಯಾವುದು ಆನ್ ಇದೆ ಎಂದು ಅವರನ್ನೇ ಕೇಳಿ.